ಮೋಟಾಪುರ ಡೇರಿಯ ಅಧಿಕೃತ ಮೂಗು

ಮೋಟಾಪುರ ಹಾಲು ಸಂಘದ ನಿಯಮಾವಳಿಯ ಪ್ರಕಾರ ವಾಘಜಿಭಾಯಿಯ ಮೂಗನ್ನು ದಾಟದೆ ಯಾವ ಹಾಲೂ ಡೇರಿಯೊಳಗೆ ಹೋಗುವಂತಿರಲಿಲ್ಲ. ಟ್ಯಾಂಕರು ಬಂದೊಡನೆ ಆತ ಏಣಿ ಹತ್ತಿ, ಮುಚ್ಚಳ ತೆಗೆಸಿ ಮೂಸುತ್ತಿದ್ದ. ಹುಳಿ ಬಂದಿದ್ದರೆ ವಾಪಸ್. ಇಲ್ಲವಾದರೆ ಕಾಯಿಸುವ ಯಂತ್ರಕ್ಕೆ, ಅಲ್ಲಿಂದ ತಣ್ಣಗಾಗಿ ಪೊಟ್ಟಣಕ್ಕೆ.

ಉತ್ತರಾಯಣದ ಗಾಳಿಪಟ ಹಬ್ಬದಂದು ಇಡೀ ದಿನ ಮಾಳಿಗೆಯ ಮೇಲೆ ಗಾಳಿಪಟ ಹಾರಿಸಿದ್ದರ ಫಲವಾಗಿ ಸದರಿ ಮೂಗಿಗೆ ನೆಗಡಿಯಾಯಿತು. ಬದಲಿ ಮೂಗಿನ ನೇಮಕಕ್ಕೆ ಅವಕಾಶವಿಲ್ಲವೆಂದು ಕಚೇರಿ ರಜೆ ನಿರಾಕರಿಸಿತು.

"ಸಾಹೇಬ್ರೆ, ನಂಗೆ ಯಾವ ವಾಸನೇನೂ ಬರ್ತಿಲ್ಲ," ಎಂದ ವಾಘಜಿ.

"ಕೆಟ್ಟ ವಾಸನೆ ಬರ್ತಿದ್ಯಾ?" ಎಂದು ಕೇಳಿದರು ಅಧ್ಯಕ್ಷ ಬೇಚರಭಾಯಿ.

"ಇಲ್ಲ."

"ಮತ್ತಿನ್ನೇನು? ಪಾಸ್ ಮಾಡು."

ಆಮೇಲೆ ಒಂದು ಟ್ಯಾಂಕರೂ ವಾಪಸಾಗಲಿಲ್ಲ. ದಾರಿಯ ಚಹಾದಂಗಡಿಗಳಲ್ಲೆಲ್ಲ ನಿಂತು ಮಧ್ಯಾಹ್ನ ತಲುಪುತ್ತಿದ್ದ ಅಧ್ಯಕ್ಷರ ಭಾವಮೈದುನನ ಟ್ಯಾಂಕರಂತೂ ಸಲೀಸಾಗಿ ಒಳಹೋಯಿತು. ಯಂತ್ರದ ಕೊಳವೆಗಳಲ್ಲಿ ಹಾಲು ಒಡೆದು ಗಟ್ಟಿಯಾಗಿ ಕೂತಿತು. ಸಂಘ ಅದನ್ನು ಕೆರೆದು 'ಸ್ವಯಂಪ್ರೇರಿತ ಪನೀರ್' ಎಂದು ಮಾರಿತು. ತಿರಸ್ಕೃತ ಹಾಲು ಸೊನ್ನೆ ಎಂಬ ಕಾರಣಕ್ಕೆ ಜಿಲ್ಲೆಯವರು ಗುಣಮಟ್ಟದ ಫಲಕ ಕೊಟ್ಟರು.

ಇತ್ತ ವಾಘಜಿ ಕಂಗಾಲು. ಪಾಪ, ಅವನಿಗಿದ್ದ ಸುಖವೆಲ್ಲ ಆ ಮೂಗಿನಲ್ಲೇ ಇತ್ತು. ಹೆಂಡತಿ ಪೂರಿಬೆನ್ ಸಜ್ಜೆರೊಟ್ಟಿಗೆ ತುಪ್ಪ ಸವರಿದರೆ ಅವನಿಗೆ ಓಣಿಯ ತುದಿಯಲ್ಲೇ ಹಸಿವಾಗುತ್ತಿತ್ತು. ಈಗ ರೊಟ್ಟಿಯೂ ಒಂದೇ, ರಟ್ಟೂ ಒಂದೇ. ಅಜವಾನದ ಹಬೆ ಹಿಡಿದು, ಶುಂಠಿ ಕಷಾಯ ಕುಡಿದು ಅಂತೂ ಮೂಗು ತೆರೆಸಿಕೊಂಡ. ಮರುದಿನ ಭಾವಮೈದುನನ ಟ್ಯಾಂಕರಿನ ಮುಚ್ಚಳ ತೆಗೆದವನು ಏಣಿಯಿಂದ ಬೀಳುವುದೊಂದು ಬಾಕಿ.

"ಥೂ, ಇದನ್ನ ಹಾಲು ಅಂತಾರಾ? ವಾಪಸ್ ಕಳಿಸಿ."

ಆಡಳಿತ ಮಂಡಳಿ ತುರ್ತಾಗಿ ಸೇರಿ ನಿರ್ಣಯಿಸಿತು: ನೆಗಡಿ ಇದ್ದಷ್ಟು ದಿನ ಹಾಲು ಚೆನ್ನಾಗಿತ್ತು, ನೆಗಡಿ ವಾಸಿಯಾದೊಡನೆ ಕೆಟ್ಟಿತು. ಆದ್ದರಿಂದ ಅಧಿಕೃತ ಮೂಗನ್ನು ಸಂಘದ ವೆಚ್ಚದಲ್ಲಿ ನೆಗಡಿಯ ಸ್ಥಿತಿಯಲ್ಲೇ ಸಂರಕ್ಷಿಸತಕ್ಕದ್ದು. ಸದರಿಯವರನ್ನು ಪ್ರತಿದಿನ ಶೀತಲಗೃಹದಲ್ಲಿ ಕೂರಿಸಿ ಐಸ್ ಹಾಕಿದ ಮಜ್ಜಿಗೆ ಕುಡಿಸತಕ್ಕದ್ದು. ಶೀತಭತ್ಯೆ ಪ್ರತ್ಯೇಕ.

"ಅದು ನನ್ನ ಮೂಗು, ಸಾಹೇಬ್ರೆ," ಎಂದ ವಾಘಜಿ, ಎರಡೂ ಕೈಯಿಂದ ಅದನ್ನು ಮುಚ್ಚಿಕೊಂಡು.

"ರಿಟೈರ್ ಆದ್ಮೇಲೆ ನಿಂದೇ ಕಣಪ್ಪಾ. ಅಲ್ಲೀವರೆಗೂ ಸಂಘದ್ದು," ಎಂದರು ಅಧ್ಯಕ್ಷರು.

ಭತ್ಯೆಯ ಮೊತ್ತ ಕೇಳಿದ ಮೇಲೆ ಪೂರಿಬೆನ್‌ಗೂ ನಿರ್ಣಯ ನ್ಯಾಯವಾಗಿಯೇ ಕಂಡಿತು. ಈಗ ದಿನಾ ಬೆಳಿಗ್ಗೆ ಗಂಡನ ತಲೆಗೆ ತಣ್ಣೀರು ಸುರಿದು, ಒರೆಸದೆ ಬಾಗಿಲಲ್ಲಿ ನಿಲ್ಲಿಸುತ್ತಾಳೆ. ಓಣಿಯ ಹೆಂಗಸರು ಹಾಲು ತರಲು ಚೀಲ ಹಿಡಿದು ಹೋಗುತ್ತ ವಿಚಾರಿಸುತ್ತಾರೆ.

"ಏನೇ ಪೂರಿ, ನಿಮ್ಮನೆಯವರು ಸೀನಿದ್ರಾ?"

"ಈಗ ತಾನೆ, ಎರಡು ಸಲ."

"ಹಾಗಾದ್ರೆ ಇವತ್ತು ಹಾಲು ಚೆನ್ನಾಗಿರುತ್ತೆ ಬಿಡು," ಎಂದು ಅವರು ಡೇರಿಯ ಕಡೆ ನಡೆಯುತ್ತಾರೆ.