ಸಲೂನಣ್ಣನ ಎಡಗಡೆ ಗೋಡೆ

ಬೆಳಿಗ್ಗೆ ಏಳು ಮುಕ್ಕಾಲಿಗೆ ಸಲೂನಣ್ಣ ಆ ವಾರದ ಮೂರನೇ ಕಿವಿ ಕೊಯ್ದ. ಪೂರ್ತಿ ಅಲ್ಲ, ಅಂಚು ಮಾತ್ರ. ಆದರೂ ಗಿರಾಕಿ ಅರ್ಧ ಗಡ್ಡದಲ್ಲೇ ಎದ್ದು, ಕುತ್ತಿಗೆಗೆ ಕಟ್ಟಿದ್ದ ಬಟ್ಟೆಯ ಸಮೇತ ಬೀದಿಗಿಳಿದ.

“ಇದು ಸಲೂನಲ್ಲ ಕಣಯ್ಯ, ರಕ್ತದಾನ ಶಿಬಿರ!” ಎಂದು ಬೀದಿಗೆಲ್ಲ ಕೇಳುವಂತೆ ಕೂಗಿಕೊಂಡು ಹೋದ.

ಇಪ್ಪತ್ತೆರಡು ವರ್ಷ ಒಬ್ಬರ ಕೆನ್ನೆಯ ಮೇಲೂ ಗೀರು ಬೀಳಿಸದ ಕೈ ಅದು. ತಪ್ಪು ಕೈಯದಲ್ಲ, ಎದುರಿನ ಗುಡ್ಡದ ಮೇಲೆ ಕರೆಂಟು ಕಂಪನಿಯವರು ನಿಲ್ಲಿಸಿದ್ದ ಗಾಳಿಯಂತ್ರದ್ದು. ಬೆಳಗಿನ ಬಿಸಿಲು ಅದರ ರೆಕ್ಕೆಗಳ ಹಿಂದಿನಿಂದ ನೇರವಾಗಿ ಅಂಗಡಿಯೊಳಗೆ ಬೀಳುತ್ತಿತ್ತು. ಜನ ಕೆಲಸಕ್ಕೆ ಹೊರಡುವ ಮೊದಲು ಗಡ್ಡಕ್ಕೆ ಬರುವ ಆ ಒಂದು ಗಂಟೆಯಲ್ಲೇ, ಗಿರಾಕಿಯ ಮುಖದ ಮೇಲೆ ನೆರಳು, ಬೆಳಕು, ನೆರಳು, ಬೆಳಕು ಎಂದು ಓಡುತ್ತಿತ್ತು. ಕನ್ನಡಿಯಲ್ಲೂ ಅದೇ ಕುಣಿತ. ಕೈ ಬೆಚ್ಚದೆ ಇನ್ನೇನು ಮಾಡೀತು? ಇದ್ದ ಗಿರಾಕಿಗಳೆಲ್ಲ ಪಕ್ಕದೂರಿನ ಸಲೂನಿಗೆ ಹೋಗತೊಡಗಿದ್ದರು.

“ಕನ್ನಡೀನೂ ಕುರ್ಚೀನೂ ಎಡಗಡೆ ಗೋಡೆಗೆ ತಿರುಗಿಸ್ರೀ. ಅಲ್ಲಿಗೆ ಮಾತ್ರ ಆ ನೆರಳು ಬರಲ್ಲ” ಎಂದು ಹೆಂಡತಿ ಒಂದು ವರ್ಷದಿಂದ ಹೇಳುತ್ತಿದ್ದಳು.

“ಫ್ಯಾನು ಅವರದ್ದು, ತಿರುಗಬೇಕಾದವನು ನಾನಾ? ಸತ್ರೂ ತಿರುಗಿಸಲ್ಲ!”

ಕಂಪನಿ ವರ್ಷಕ್ಕೊಮ್ಮೆ ಊರಿನ ಸಾರ್ವಜನಿಕ ಕೆಲಸಕ್ಕೆಂದು ಹಣ ಕೊಡುತ್ತಿತ್ತು. ಒಬ್ಬನ ಕಷ್ಟಕ್ಕೆ ಅದರಲ್ಲಿ ಜಾಗವಿಲ್ಲ, ಹತ್ತು ಮನೆಯವರು ಸಹಿ ಹಾಕಿದ ಅರ್ಜಿ ಬೇಕು. ನೆರಳು ಮಾತ್ರ ಯಾರ ಸಹಿಯನ್ನೂ ಕೇಳದೆ ಅಂಗಡಿಗೆ ನುಗ್ಗಿತ್ತು. ಸಲೂನಣ್ಣ ತಲೆ ಓಡಿಸಿದ. ಅಂಗಡಿಯ ಎದುರುಗಡೆ ಬಸ್ಸು ನಿಲ್ಲುತ್ತದೆ. ಅಲ್ಲೊಂದು ಎತ್ತರದ ತಂಗುದಾಣ ಎದ್ದರೆ ಜನರಿಗೆ ಕೂರಲು ಜಾಗ, ತನಗೆ ಬಿಸಿಲಿಗೆ ಮರೆ. ಅರ್ಜಿ ಬರೆಸಿ, ಹತ್ತು ಮನೆ ಸುತ್ತಿ, ಸಹಿ ಹಾಕಿಸಿಕೊಂಡು ಕಳಿಸಿದ್ದ. ಇವತ್ತು ಕಂಪನಿಯ ಆಫೀಸರು ನೋಡಲು ಬರುವ ದಿನ. ಆ ಮನುಷ್ಯನನ್ನು ಎಂಟು ಗಂಟೆಗೆ ಸರಿಯಾಗಿ ತನ್ನ ಕುರ್ಚಿಯಲ್ಲೇ ಕೂರಿಸಿಬಿಟ್ಟರೆ ಬೇರೆ ಸಾಕ್ಷಿಯೇ ಬೇಡ ಎಂಬುದು ಅವನ ಲೆಕ್ಕಾಚಾರ.

ಎಂಟಕ್ಕೆ ಜೀಪು ಬಂತು. ಸಲೂನಣ್ಣ ಬಾಯಿ ತೆರೆಯುವ ಮೊದಲೇ ಪಕ್ಕದಂಗಡಿಯ ಟೈಲರಕ್ಕ ಅಡ್ಡ ನಿಂತಳು.

“ಸಾರ್, ಅರ್ಜೀಲಿ ನನ್ನ ಸಹೀನೂ ಇದೆ. ತಂಗುದಾಣ ನನ್ನ ಅಂಗಡಿ ಎದುರಿಗೇ ಬರ್ಲಿ. ಅಳತೆ ಕೊಡೋಕೆ ಬಂದವರು ಬಿಸಿಲಲ್ಲಿ ಒಣಗ್ತಾರೆ.”

“ಎಲ್ಲಾದ್ರೂ ಬರ್ಲಿ, ನನ್ನ ಬೋರ್ಡಿಗೆ ಅಡ್ಡ ಬರ್ಬಾರ್ದು. ಗೋಡೆ ಮೊಣಕಾಲೆತ್ತರ ಇದ್ರೆ ಸಾಕು” ಎಂದ ಹಿಟ್ಟಿನ ಗಿರಣಿಯವನು.

ಅರ್ಜಿ ಬರೆದುಕೊಟ್ಟಿದ್ದ ನಿವೃತ್ತ ಮೇಷ್ಟ್ರು ಕೆಮ್ಮಿದರು. “ಒಳಗೊಂದು ವಾಚನಾಲಯವನ್ನೂ ಸೇರಿಸಿದ್ದೇನೆ. ನಾಲ್ಕನೇ ಪುಟದಲ್ಲಿದೆ.”

“ನಾಲ್ಕನೇ ಪುಟಾನಾ? ನಾನು ಹೇಳಿದ್ದು ನಾಲ್ಕು ಸಾಲು, ಮೇಷ್ಟ್ರೇ!” ಎಂದು ಸಲೂನಣ್ಣ ಹಲ್ಲು ಕಡಿದ.

“ನಾಲ್ಕು ಸಾಲು ಬರೆದ್ರೆ ಯಾರಪ್ಪ ಮರ್ಯಾದೆ ಕೊಡ್ತಾರೆ?”

ಎಂಟೂ ಇಪ್ಪತ್ತಾಯಿತು. ಇನ್ನು ಹತ್ತು ನಿಮಿಷ ಹೋದರೆ ಬಿಸಿಲು ಮೇಲೇರಿ ನೆರಳೇ ಇರುವುದಿಲ್ಲ. ಸಲೂನಣ್ಣ ಆಫೀಸರ ತೋಳು ಹಿಡಿದು ಹೆಚ್ಚುಕಡಿಮೆ ಎಳೆದುಕೊಂಡೇ ಬಂದ. “ಮಾತು ಬೇಡ ಸಾರ್. ಕೂತು ಆ ನೆರಳಿನ ಕಾಟ ನೋಡಿ. ಗಡ್ಡಾನೂ ಬೆಳೆದಿದೆ, ಪುಕ್ಕಟೆ ಮಾಡ್ತೀನಿ.”

ಆಫೀಸರು ಕೂತರು. ನೊರೆ ಹಚ್ಚಿದ್ದಾಯಿತು, ಕತ್ತಿಗೆ ಹೊಸ ಬ್ಲೇಡು ಹಾಕಿದ್ದಾಯಿತು. ಅಷ್ಟರಲ್ಲಿ ಗಾಳಿ ನಿಂತುಹೋಯಿತು. ವರ್ಷವಿಡೀ ಬಿಡುವಿಲ್ಲದೆ ತಿರುಗಿದ್ದ ಯಂತ್ರ ಅಲುಗದೆ ನಿಂತಿತು. ರೆಕ್ಕೆಯ ನೆರಳು ನೆಲದ ಮೇಲೆ ಊಟ ಮುಗಿಸಿದವರ ಹಾಗೆ ಮಲಗಿತ್ತು.

“ಎಲ್ರೀ ನಿಮ್ಮ ತೊಂದರೆ? ಎಲ್ಲ ಚೆನ್ನಾಗೇ ಇದೆಯಲ್ಲ!” ಎಂದರು ಆಫೀಸರು ನೊರೆಯೊಳಗಿನಿಂದ.

ಬಾಗಿಲಲ್ಲಿ ಸೇರಿದ್ದ ಗುಂಪಿನಿಂದ ಟೈಲರಕ್ಕನ ದನಿ ಬಂತು. “ನೆರಳೂ ಇಲ್ಲ, ಗಿರಳೂ ಇಲ್ಲ ಸಾರ್. ಸಲೂನಣ್ಣಂಗೆ ಕೈ ನಡುಗುತ್ತೆ ಅಷ್ಟೆ. ವಯಸ್ಸಾಯ್ತಲ್ಲ.”

ಸಲೂನಣ್ಣನಿಗೆ ಉರಿದುಹೋಯಿತು. “ನನ್ನ ಕೈ ನಡುಗುತ್ತಾ? ನನ್ನ ಕೈ? ಒಂದು ವರ್ಷದಿಂದ ನನ್ನ ಹೊಟ್ಟೆ ಮೇಲೆ ಹೊಡೀತಿದೆ ಆ ದರಿದ್ರ ಫ್ಯಾನು! ಇವತ್ತೊಂದು ದಿನ ನಾಟಕ ಮಾಡ್ತಿದೆ!” ಕತ್ತಿಯನ್ನು ಆಫೀಸರ ಕಿವಿಯ ಕೆಳಗಿಟ್ಟು, ಗುಡ್ಡದ ಕಡೆ ಮುಖ ಮಾಡಿ ಕಿರುಚಿದ. “ತಿರುಗು! ನಿನ್ನ ಮನೆ ಹಾಳಾಗ, ತಿರುಗು!”

ತಿರುಗಿತು.

ಆಫೀಸರ ಕೂಗಿಗೆ ಜೀಪಿನ ಡ್ರೈವರು ಓಡಿ ಬಂದ. ರಕ್ತ ನಿಲ್ಲಿಸಲು ಗಿರಣಿಯವನು ಒಂದು ಮುಷ್ಟಿ ಹಿಟ್ಟು ತಂದು ಮೆತ್ತಿದ. ಟೈಲರಕ್ಕ ಬಟ್ಟೆಯ ಚೂರೊಂದನ್ನು ತಂದು ಒತ್ತಿದಳು, ಅದರಲ್ಲಿದ್ದ ಗುಂಡುಪಿನ್ನನ್ನು ತೆಗೆಯುವುದು ಮರೆತುಹೋಗಿತ್ತು. ಆಫೀಸರು ಎರಡನೇ ಸಲ ಕೂಗಿದರು. ಕೊನೆಗೆ ಹಿಟ್ಟು ಮೆತ್ತಿದ ಕಿವಿ ಹಿಡಿದುಕೊಂಡು, “ಈ ಊರಿಗೆ ಏನು ಬೇಕು ಅಂತ ಗೊತ್ತಾಯ್ತು” ಎಂದು ಗುಡುಗಿ ಜೀಪು ಹತ್ತಿದರು.

ಆಮೇಲೆ ಒಬ್ಬ ಗಿರಾಕಿಯೂ ಅಂಗಡಿಯ ಹತ್ತಿರ ಸುಳಿಯಲಿಲ್ಲ. ಬೀದಿಯಲ್ಲಿ ಹೋಗುವವರು ಕಿವಿ ಮುಚ್ಚಿಕೊಂಡು ನಕ್ಕು ಹೋದರು. ಸಲೂನಣ್ಣ ಮಧ್ಯಾಹ್ನದವರೆಗೂ ಆಫೀಸರನ್ನು, ಮೇಷ್ಟ್ರನ್ನು, ಟೈಲರಕ್ಕನನ್ನು, ಗಾಳಿಯನ್ನು ಒಬ್ಬೊಬ್ಬರಾಗಿ ಬೈದು ಮುಗಿಸಿದ. ಬೈಯಲು ಯಾರೂ ಉಳಿಯದಿದ್ದಾಗ ಅಳು ಬಂದಂತಾಯಿತು.

“ಸರಿ ಕಣೇ, ಸುತ್ತಿಗೆ ಕೊಡು. ಎಡಗಡೆ ಗೋಡೆಗೇ ತಿರುಗಿಸ್ತೀನಿ” ಎಂದ ಹೆಂಡತಿಗೆ.

ಅವಳು ಸುತ್ತಿಗೆ ಕೊಟ್ಟಳು. ಅವನು ಕನ್ನಡಿಯನ್ನು ಇಳಿಸಿ, ಹಳೆಯ ಮೊಳೆ ಕಿತ್ತು, ಕನ್ನಡಿ ಅಪ್ಪಿಕೊಂಡು ಎಡಗೋಡೆಯ ಕಡೆ ಹೊರಟ. ಹೊರಗೆ ಜೀಪು ನಿಂತಿತು.

ಕಿವಿಗೆ ದಪ್ಪ ಪಟ್ಟಿ ಸುತ್ತಿಕೊಂಡ ಆಫೀಸರು ಇಳಿದರು. ಹಿಂದೆಯೇ ಇಬ್ಬರು ಆಳುದ್ದದ ಕಬ್ಬಿಣದ ಬೀರು ಹೊತ್ತು ತಂದರು. ಅದರ ಮೇಲೆ ಕೆಂಪು ಬಣ್ಣದಲ್ಲಿ ‘ಸಾರ್ವಜನಿಕ ಪ್ರಥಮ ಚಿಕಿತ್ಸಾ ಕೇಂದ್ರ’ ಎಂದು ಬರೆದಿತ್ತು.

“ನಮ್ಮ ಸ್ಟೋರಲ್ಲೇ ಇತ್ತು. ನಿಮ್ಮ ಅರ್ಜಿ ಮೇಲೇ ಮಂಜೂರು ಮಾಡಿಸಿದೆ. ಗಾಯ ಆಗೋ ಜಾಗದಲ್ಲೇ ಔಷಧಿ ಇರಬೇಕಲ್ಲ?” ಎಂದು ಆಫೀಸರು ಸುತ್ತ ನೋಡಿದರು. “ಔಷಧಿಗೆ ಬಿಸಿಲು ತಾಗಬಾರದು. ಹಾಂ, ಎಡಗಡೆ ಗೋಡೆ ಸರಿಯಾಗಿದೆ. ಅಲ್ಲೇ ಬೋಲ್ಟ್ ಹಾಕ್ರೋ!”

“ಸಾರ್, ಆ ಗೋಡೆ ಬೇಡ ಸಾರ್!”

“ಐದು ವರ್ಷ ಅಲ್ಲಾಡಿಸೋ ಹಾಗಿಲ್ಲ. ಷರತ್ತು ಅರ್ಜೀಲೇ ಇದೆ.”

“ಆರನೇ ಪುಟ” ಎಂದರು ಬಾಗಿಲಲ್ಲಿ ನಿಂತಿದ್ದ ಮೇಷ್ಟ್ರು.

ಡ್ರಿಲ್ಲು ಗೋಡೆ ಕೊರೆಯಿತು. ಊರು ಚಪ್ಪಾಳೆ ತಟ್ಟಿತು. ಸಲೂನಣ್ಣ ತುಟಿ ಕಚ್ಚಿಕೊಂಡು ಕನ್ನಡಿಯನ್ನು ಹಳೆಯ ಜಾಗಕ್ಕೇ ತಂದ. ಒಳಗಿನ ಸಿಟ್ಟನ್ನೆಲ್ಲ ಸುತ್ತಿಗೆಗೆ ತುಂಬಿ ಮೊಳೆಗೆ ಹೊಡೆದ. ಏಟು ಹೆಬ್ಬೆರಳಿಗೆ ಬಿತ್ತು.

“ಉದ್ಘಾಟನೆ ಆಯ್ತು!” ಎಂದು ಟೈಲರಕ್ಕ ಕೂಗಿದಳು.

ಆಫೀಸರು ಖುಷಿಯಾಗಿ ಬೀರು ತೆರೆದು, ದಪ್ಪನೆಯ ರಿಜಿಸ್ಟರೊಂದನ್ನು ಹೊರತೆಗೆದು ಮೊದಲ ಪುಟ ಬಿಡಿಸಿದರು. “ಮೊದಲ ಫಲಾನುಭವಿ ನೀವೇ. ಸಹಿ ಹಾಕಿದ್ಮೇಲೇ ಪಟ್ಟಿ.”

“ಬೆರಳು ನೋಡಿ ಸಾರ್! ಈ ಕೈಯಲ್ಲಿ ಅದನ್ನ ಅದುಮಿ ಹಿಡಿದಿದೀನಿ, ಪೆನ್ನು ಹೇಗೆ ಹಿಡೀಲಿ?”

“ಹಾಗಾದ್ರೆ ಹೆಬ್ಬೆಟ್ಟು ಒತ್ತಿ.”

ಸಲೂನಣ್ಣ ಒತ್ತಿದ. ಶಾಯಿ ಬೇಕಾಗಲಿಲ್ಲ.