ಕಿಟಕಿಯಿದ್ದ ಜಾಗದಲ್ಲಿ

ಒಬ್ಬರ ಮನೆಯ ಗೋಡೆ ಒಡೆದ ಸುದ್ದಿಯನ್ನು ಇನ್ನೊಬ್ಬರು ಕತೆ ಮಾಡಿ ಹೇಳುವುದು ಸರಿಯೋ ತಪ್ಪೋ, ನನಗೆ ತಿಳಿಯದು. ಅಧಿಕಪ್ರಸಂಗ ಅನ್ನಿಸಿದರೆ ದೊಡ್ಡ ಮನಸ್ಸು ಮಾಡಿ ಕ್ಷಮಿಸಿ.

ಗಡಿಯಾರ ರಿಪೇರಿ ಮಾಡುತ್ತಿದ್ದ ಅವನನ್ನು ಬೀದಿಯವರು ‘ಗಡಿಯಾರ’ ಎಂದೇ ಕರೆಯುತ್ತಿದ್ದರು. ಮದುವೆಯಾಗಿರಲಿಲ್ಲ, ಅಣ್ಣನ ಮನೆಯ ಹಿಂದಿನ ಕೋಣೆಯಲ್ಲಿ ವಾಸ. ಅಲ್ಲಿಂದ ಬೀದಿಗೆ ಬರಬೇಕಾದರೆ ನಡುಮನೆ ದಾಟಬೇಕು. ದಾಟುವಾಗಲೆಲ್ಲ ಅಣ್ಣ ಪೇಪರಿನಿಂದ ತಲೆಯೆತ್ತಿ ‘ಎಲ್ಲಿಗೋ?’ ಅನ್ನದೆ ಬಿಡುತ್ತಿರಲಿಲ್ಲ.

ಸಂಜೆ ಅವನು ಹೋಗುತ್ತಿದ್ದುದು ಸೇತುವೆಯ ಮೇಲಕ್ಕೆ. ಅಲ್ಲಿ ನಿಂತು ನೀರು ನೋಡುತ್ತಿದ್ದ, ಅಷ್ಟೇ. ದಿನವಿಡೀ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಹಲ್ಲುಚಕ್ರ ನೋಡಿದವನಿಗೆ, ರಿಪೇರಿ ಬೇಡದ ವಸ್ತುವೊಂದು ತಾನೇ ಚಲಿಸುವುದನ್ನು ಕಂಡರೆ ಏನೋ ಸಮಾಧಾನ. ಇದನ್ನು ಅಣ್ಣನಿಗೆ ಬಿಡಿಸಿ ಹೇಳುವುದು ಹೇಗೆ? ‘ಸೋಪು ತರೋಕೆ’ ಅನ್ನುತ್ತಿದ್ದ. ಹೇಳಿದ ತಪ್ಪಿಗೆ ತರಲೂ ಬೇಕು. ಮಂಚದ ಕೆಳಗೆ ಊರಿಗೇ ಸ್ನಾನ ಮಾಡಿಸುವಷ್ಟು ಸೋಪು ಸೇರಿತ್ತು.

ಕೊನೆಗೊಂದು ರಜೆಯ ಬೆಳಿಗ್ಗೆ ಗಾರೆ ಮೇಸ್ತ್ರಿಯನ್ನು ಕರೆತಂದ. ಹಿಂದಿನ ಓಣಿಯ ಕಡೆಗಿದ್ದ ಕಿಟಕಿಯ ಚೌಕಟ್ಟು ತೆಗೆದು, ಕೆಳಗಿನ ಇಟ್ಟಿಗೆ ಕೊಯ್ದರೆ ಬಾಗಿಲಾಯಿತು; ಮೇಲೆ ಗೋಡೆ ಹೊತ್ತ ಲಿಂಟಲ್ ಮುಟ್ಟುವುದೇ ಬೇಡ ಎಂದು ಮೇಸ್ತ್ರಿ ಧೈರ್ಯ ಹೇಳಿದ. ಅಣ್ಣನೆದುರು ಮಾತ್ರ ಗಡಿಯಾರ, ಕೋಣೆಗೆ ಗಾಳಿ ಸಾಲದು ಎಂದು ಏನೋ ಹೊಸೆದ. ಅಣ್ಣ ಸಿಡಿಯುತ್ತಾನೆ ಎಂದುಕೊಂಡರೆ, ಅವನು ಪೇಪರು ಮಡಿಸಿಟ್ಟು, ‘ಒಳ್ಳೇ ಕೆಲಸ’ ಎಂದು ಶರಟಿನ ತೋಳು ಮಡಿಸಿಕೊಂಡು ಬಂದೇಬಿಟ್ಟ.

ಉಳಿಯ ಸದ್ದಿಗೆ ಓಣಿಯಲ್ಲಿ ಜನ ನೆರೆಯಿತು. ಮೂಲೆಮನೆಯ ನಿವೃತ್ತ ಓವರ್‌ಸಿಯರರು ಇಷ್ಟು ಕಿರಿದಾದರೆ ಬೀರು ಹೋಗುವುದಿಲ್ಲ ಎಂದರು. ತನ್ನಲ್ಲಿ ಬೀರುವೇ ಇಲ್ಲವೆಂದು ಹೇಳಲು ಗಡಿಯಾರನಿಗೆ ಸಂಕೋಚ. ಸರಿ, ಪಕ್ಕಕ್ಕೂ ಒಂದಿಷ್ಟು ಕೊಯ್ದರು. ಹೆಣೆದುಕೊಂಡಿದ್ದ ಇಟ್ಟಿಗೆಗಳು ಮುದುಕನ ಹಲ್ಲಿನಂತೆ ಒಂದಕ್ಕೊಂದು ಜೊತೆಯಾಗಿ ಉದುರಿದವು. ಕೆಂಪು ಧೂಳು ಹೋಗಿ ಅತ್ತಿಗೆ ಒಗೆದು ಹರವಿದ ಬಟ್ಟೆಯ ಮೇಲೆ ಕೂತಿತು. ಅತ್ತಿಗೆ ಎಲ್ಲವನ್ನೂ ಮತ್ತೆ ಬಕೆಟ್ಟಿಗೆ ಹಾಕಿದರು. ಬೈದಿದ್ದರೆ ವಾಸಿಯಿತ್ತು.

ಇಟ್ಟಿಗೆ ಕೊಯ್ಯುತ್ತ ಕೊಯ್ಯುತ್ತ ಕೋಣೆಯ ನೆಲಕ್ಕೆ ಬಂದರು. ಗಡಿಯಾರ ಹೊರಗೆ ಕಾಲಿಡಲು ಹೋಗಿ ಗೋಡೆ ಹಿಡಿದುಕೊಂಡ. ಓಣಿ ಎದೆಯಾಳ ಕೆಳಗಿತ್ತು. ಇಷ್ಟು ವರ್ಷ ಆ ಕಿಟಕಿಯಿಂದ ಅವನು ಆಕಾಶ ನೋಡಿದ್ದನೇ ಹೊರತು ನೆಲ ನೋಡಿರಲಿಲ್ಲ. ಮೇಸ್ತ್ರಿ ಅಳೆದದ್ದೂ ಒಳಗಿನಿಂದಲೇ.

‘ಹಕ್ಕಿಗೆ ಮಾಡಿಸಿದ್ದೇನಪ್ಪ?’ ಎಂದರು ಓವರ್‌ಸಿಯರರು.

ಎಲ್ಲರೂ ನಗುತ್ತಿದ್ದಾಗ ಅಣ್ಣ ಒಬ್ಬನೇ ಕೊಯ್ದ ಇಟ್ಟಿಗೆಗಳನ್ನು ಓಣಿಗೆ ಹೊತ್ತು, ಒಂದರ ಮೇಲೊಂದು ಜೋಡಿಸಿ ಮೆಟ್ಟಿಲು ಕಟ್ಟತೊಡಗಿದ. ಬೆವರು ಒರೆಸಿಕೊಳ್ಳದೆ ದುಡಿಯುವ ಅವನನ್ನು ಕಂಡು ಗಡಿಯಾರನಿಗೆ, ಇಂಥ ಅಣ್ಣನಿಂದ ತಪ್ಪಿಸಿಕೊಳ್ಳುವುದಕ್ಕೆ ಗೋಡೆ ಒಡೆಸಿದೆನಲ್ಲ ಎಂದು ನಾಚಿಕೆಯಾಯಿತು. ಸಂಜೆ ಎಲ್ಲ ಹೇಳಿಬಿಡಬೇಕು ಅಂದುಕೊಂಡ.

ಸಂಜೆ ಅಣ್ಣ ತಾನೇ ಬಂದ. ಮಿಂದು, ಇಸ್ತ್ರಿ ಶರಟು ತೊಟ್ಟು, ತಲೆ ಬಾಚಿದ್ದ. ಚಪ್ಪಲಿ ಕಂಕುಳಲ್ಲಿತ್ತು.

‘ಪಕ್ಕಕ್ಕೆ ಸರಿಯೋ,’ ಎಂದ ಮೆಲ್ಲಗೆ. ‘ನಿನ್ನ ದಿನಾ ಯಾಕೆ ಕೇಳ್ತಿದ್ದೆ ಗೊತ್ತಾ? ನೀನು ಆಚೆ ಹೋಗ್ತಿದ್ದ ಹಾಗೆ ಅವನೆಲ್ಲಿಗೆ ಹೋದ ಅಂತ ನಿಮ್ಮತ್ತಿಗೆ ನನ್ನ ಕೇಳ್ತಾಳೆ. ನಾನು ಹೊರಟ್ರೂ ಬಿಡಲ್ಲ, ಎಲ್ಲಿಗೆ ಅಂತಾಳೆ. ನಿನಗಾದ್ರೂ ಸೋಪು ಹೊಳೀತು. ನನಗೊಂದು ಉತ್ತರ ಹೊಳೀದೆ ಇಷ್ಟು ವರ್ಷ ಮನೇಲೇ ಕೂತೆ ಕಣೋ.’

‘ಅಣ್ಣಾ, ನಾನೂ ಹೊರಟಿದ್ದೆ...’

‘ಕದ ಇನ್ನೂ ಕೂಡಿಸಿಲ್ಲ. ಬಾಯ್ಬಿಟ್ಟ ಮನೆ ಬಿಟ್ಟು ಎಲ್ಲಿಗೆ ಹೋಗ್ತೀಯ?’

ಅಷ್ಟಂದು, ತಾನೇ ಕಟ್ಟಿದ ಮೆಟ್ಟಿಲು ಹುಷಾರಾಗಿ ಇಳಿದು ಓಣಿಯ ತಿರುವಿನಲ್ಲಿ ಮರೆಯಾದ.

ಸ್ವಲ್ಪ ಹೊತ್ತಿಗೆ ಅತ್ತಿಗೆ ಬಂದು ಗೋಡೆಯ ಬಾಯಿ ನೋಡಿದರು, ಗಡಿಯಾರನ ಮುಖ ನೋಡಿದರು.

‘ನಿಮ್ಮಣ್ಣ ಎಲ್ಲಿಗೆ ಹೋದ್ರು?’

‘ಗೊತ್ತಿಲ್ಲ ಅತ್ತಿಗೆ.’

‘ನಿನ್ನ ಬಾಗಿಲು, ನಿನಗೇ ಗೊತ್ತಿಲ್ವಾ? ಇರಲಿ. ಇನ್ನುಮೇಲೆ ನಿನ್ನನ್ನೇ ಕೇಳ್ತೀನಿ,’ ಎಂದು ಮಂಚದ ಮೇಲೆ ಕೂತರು.

ಕತ್ತಲಾದ ಮೇಲೆ ಅಣ್ಣ ಮರಳಿದ. ಯಾರೂ ಕೇಳಬಾರದೆಂದು ಗೋಡೆ ಒಡೆಸಿದವನು ತಾನೇ ಯಾವ ಬಾಯಿಂದ ಕೇಳಿಯಾನು? ಗಡಿಯಾರ ಕೇಳಲಿಲ್ಲ. ಅಣ್ಣ ಎಲ್ಲಿಗೆ ಹೋಗಿದ್ದನೆಂದು ಅವನಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.