ವಿಭೂತಿ ಡಬ್ಬಿಯೊಳಗಿನ ಮುಲಾಮು

ನನ್ನ ಗಂಡನ ಅಕ್ಕನ ತೋರುಬೆರಳಿಗೆ ಮೂಗಿತ್ತು ಅಂದರೆ ನೀವು ನಂಬುವುದಿಲ್ಲ. ನಂಬದಿದ್ದರೆ ಬಿಡಿ, ನನಗೇನು! ಯಾರ ಮೈಯಲ್ಲಿ ಎಲ್ಲಿ ಕೀವು ಕಟ್ಟಿದೆ ಅನ್ನುವುದು ಮೊದಲು ಆ ಬೆರಳಿಗೆ ಗೊತ್ತಾಗುತ್ತಿತ್ತು, ಹುಣ್ಣಾದವರಿಗೆ ಆಮೇಲೆ.

ಎಲ್ಲರಿಗೂ ಅವಳು ದೊಡ್ಡಕ್ಕ. ಮನೆ ಟಿ. ನರಸೀಪುರದಲ್ಲಿ. ನಂಜನಗೂಡಿನ ನಮ್ಮ ಮನೆಗೆ ಅವಳು ಬರುತ್ತಿದ್ದದ್ದು ದೀಪ ಹಚ್ಚುವ ಹೊತ್ತಿಗೆ, ಹೇಳದೆ ಕೇಳದೆ. ಮನೆಮನೆಗೆ ಫೋನಿಲ್ಲದ ಕಾಲ. ಬೀದಿನಾಯಿ ಬೊಗಳುವುದನ್ನು ಅರ್ಧಕ್ಕೇ ನುಂಗಿಕೊಂಡು ಚರಂಡಿ ದಾಟಿತು ಅಂದರೆ ದೊಡ್ಡಕ್ಕ ಬೀದಿಗೆ ಕಾಲಿಟ್ಟಳು ಅಂತಲೇ. ಹೆಜ್ಜೆಯ ಸದ್ದಿಲ್ಲ, ಬಾಗಿಲು ತಟ್ಟುವುದಿಲ್ಲ. ತಲೆ ಎತ್ತಿದರೆ ಹೊಸ್ತಿಲಲ್ಲಿ ಒಂದು ಬಿಳಿ ಸೀರೆ ನಿಂತಿರುತ್ತಿತ್ತು.

ಒಮ್ಮೆ ಹಾಗೆ ನಿಂತವಳು ಗಾಳಿ ಮೂಸಿ, “ಯಾರಿಗೋ ಕೀವಾಗದೆ ಕಣಮ್ಮಿ, ವಾಸ್ನೆ ಬತ್ತಾ ಅದೆ” ಅಂದಳು. ನನ್ನ ಕುತ್ತಿಗೆಯ ಕೂದಲು ನಿಮಿರಿತು. ಜಗುಲಿಯ ಮೇಲೆ ಪಕ್ಕದ ಮನೆಯಾತ ಇದ್ದ. ತಾಂಡ್ಯದ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ ಭಾರೀ ಆಳು. ಬಂದಾಗಿನಿಂದ ಯಾಕೆ ಕೂರದೆ ನಿಂತೇ ಇದ್ದಾನೆ ಅಂತ ನನಗೆ ಆಗ ಹೊಳೆಯಿತು. ಅವಳು ಬೆರಳು ಚಾಚುತ್ತಿದ್ದಂತೆ ಆತ ಚಪ್ಪಲಿ ಬಿಟ್ಟು ಓಡಿದ. ಕುರು ಎಲ್ಲಿ ಎದ್ದಿತ್ತು ಅಂತ ನಾನು ಹೇಳುವುದಿಲ್ಲ.

ಅವಳ ಸೊಂಟದಲ್ಲಿ ಸದಾ ಒಂದು ಮರದ ವಿಭೂತಿ ಡಬ್ಬಿ ಇರುತ್ತಿತ್ತು. ಎರಡು ಗೂಡು. ಒಂದರಲ್ಲಿ ವಿಭೂತಿ, ಇನ್ನೊಂದರಲ್ಲಿ ಹುಣ್ಣಿನ ಮುಲಾಮು. ಮೆಡಿಕಲ್ ಶಾಪಿನವನನ್ನು ಪೀಡಿಸಿ ಟ್ಯೂಬು ತಂದು ಪೂರ್ತಿ ಡಬ್ಬಿಗೆ ಹಿಂಡಿಕೊಳ್ಳುತ್ತಿದ್ದಳು. ಪೂಜೆಯಾದ ಮೇಲೆ ಸಾಲಾಗಿ ಕೂತವರಿಗೆ ಒಂದೇ ಡಬ್ಬಿಯಿಂದ ವಿಭೂತಿ ಇಡುತ್ತಾರಲ್ಲ, ಮುಲಾಮನ್ನೂ ಹಾಗೇ ಹಚ್ಚುವಳು. ಅದ್ದು, ಹಚ್ಚು, ಮತ್ತೆ ಅದ್ದು, ಮುಂದಿನವರಿಗೆ ಹಚ್ಚು. ವಿಭೂತಿಗಿಲ್ಲದ ಮೈಲಿಗೆ ಮುಲಾಮಿಗೆ ಎಲ್ಲಿಂದ ಬರಬೇಕು? ಹುಳುಕಡ್ಡಿಗೂ ಅದೇ, ಸುಟ್ಟ ಗಾಯಕ್ಕೂ ಅದೇ, ಎಮ್ಮೆಯ ಕೊಂಬಿನ ಬುಡಕ್ಕೂ ಅದೇ. ಕಣ್ಣು ಮಂಜಾದ ಮೇಲೆ ಒಂದು ದಿನ ನನ್ನ ಗಂಡನ ಹಣೆಗೆ ಮುಲಾಮು, ಕಾಲಿನ ಗಾಯಕ್ಕೆ ವಿಭೂತಿ ಬಿತ್ತು. ಸಂಜೆಯವರೆಗೂ ಅವರ ಹಣೆ ಎಣ್ಣೆ ಹಚ್ಚಿದ ಬಾಂಡಲೆಯಂತೆ ಹೊಳೆಯಿತು.

ನಗು ಅಲ್ಲಿಗೆ ಮುಗಿಯಿತು. ಆ ವರ್ಷ ನಮ್ಮ ಬೀದಿಯ ಮಕ್ಕಳ ಮೂಗಿನ ಕೆಳಗೆ, ತುಟಿಯ ಪಕ್ಕ ಜೇನು ಒಣಗಿದಂಥ ಹಳದಿ ಹಕ್ಕಳೆ ಕಾಣಿಸಿಕೊಳ್ಳತೊಡಗಿತು. ಮೊದಲು ತುದಿಯ ಮನೆ. ಆಮೇಲೆ ಅದರ ಎದುರಿನದು. ಮಧ್ಯದ ಎರಡು ಮನೆ ಬಿಟ್ಟು ಬಾವಿಕಟ್ಟೆಯ ಮನೆ. ಯಾರೋ ನೆನಪು ಮಾಡಿಕೊಂಡರು: ದೊಡ್ಡಕ್ಕ ಕೂತು ಎದ್ದು ಹೋದದ್ದೂ ಅದೇ ಸಾಲಿನಲ್ಲಿ. ಅವಳ ಹಿಂದೆ ಏನೋ ನಡೆದು ಬರುತ್ತದೆ ಅಂತ ಹೆಂಗಸರು ಪಿಸುಗುಟ್ಟಿದರು. ಬಾಗಿಲಿಗೆ ಹಳೇ ಚಪ್ಪಲಿ ಕಟ್ಟಿದರು. ಬಿಳಿ ಸೀರೆ ಕಂಡೊಡನೆ ಒಂದೊಂದೇ ಚಿಲಕ ಬೀಳುವ ಸದ್ದು ಕೇಳುತ್ತಿತ್ತು. “ಇಷ್ಟು ಬೇಗ ಮನಗವ್ರೆ, ಪಾಪ” ಅಂತ ಅವಳು ನಮ್ಮ ಮನೆಗೇ ನೇರ ಬರುವಳು.

ನಮ್ಮ ಮೊಮ್ಮಗಳಿಗೂ ಮೂಗಿನ ಹತ್ತಿರ ಎದ್ದಿತು. ದೊಡ್ಡಕ್ಕ ಹಚ್ಚಿದಳು. ಒಣಗಿದಂತೆ ಕಂಡಿತು, ನಿಲ್ಲಿಸಿದಳು. ಮತ್ತೆ ಎದ್ದಿತು, ಈ ಸಲ ಕೆನ್ನೆ ಹತ್ತಿ ಕಣ್ಣಿನ ಅಂಚಿಗೆ ಬಂತು. ಒಂದು ಬೆಳಿಗ್ಗೆ ಮಗು ಜ್ವರದಲ್ಲಿ ಸುಡುತ್ತಿತ್ತು. ಊದಿದ ರೆಪ್ಪೆಯನ್ನು ಬಿಡಿಸಲಾಗಲಿಲ್ಲ. ಇವಳ ಕಣ್ಣು ಹೋಯಿತು ಅಂದುಕೊಂಡೇ ಸೆರಗಿನಲ್ಲಿ ಸುತ್ತಿಕೊಂಡು ಆಸ್ಪತ್ರೆಗೆ ಓಡಿದೆ. ಹಿಂದೆ, ರಾತ್ರಿ ನಮ್ಮಲ್ಲೇ ಉಳಿದಿದ್ದ ದೊಡ್ಡಕ್ಕ, ಸದ್ದಿಲ್ಲದೆ.

ಡಾಕ್ಟರಮ್ಮ ಮಗುವಿಗೆ ಸೂಜಿ ಚುಚ್ಚಿಸಿ, ಏನು ಹಚ್ಚಿದಿರಿ, ಹೇಗೆ ಹಚ್ಚಿದಿರಿ ಅಂತ ಕೇಳಿದರು. ದೊಡ್ಡಕ್ಕ ಹೆಮ್ಮೆಯಿಂದ ಡಬ್ಬಿ ತೆಗೆದು, ಅದ್ದಿ, ಹುಣ್ಣಿಗೆ ಸವರಿ, ಮತ್ತೆ ಅದ್ದಲು ಹೋದಳು. ಡಾಕ್ಟರಮ್ಮ ಕೈ ಹಿಡಿದುಕೊಂಡರು.

“ಅಜ್ಜೀ, ಇವಳ ಕೀವು ಈಗ ಎಲ್ಲಿದೆ?”

ದೊಡ್ಡಕ್ಕ ಮಗುವಿನ ಮುಖ ತೋರಿಸಿದಳು. ಡಾಕ್ಟರಮ್ಮ ಬೆರಳು ತೋರಿಸಿದರು. ಆಮೇಲೆ ಡಬ್ಬಿ ತೋರಿಸಿದರು.

ಅವಳ ಹಿಂದೆ ಏನೂ ನಡೆದು ಬರುತ್ತಿರಲಿಲ್ಲ. ಅದು ಅವಳ ಸೊಂಟದಲ್ಲೇ ಕೂತು ಬರುತ್ತಿತ್ತು.

ಡಾಕ್ಟರಮ್ಮ ಹೇಳಿದ್ದೆಲ್ಲ ನನಗೆ ಬಾಯಿಪಾಠ. ಕಡಿಮೆ ಓದಿದವಳಿಗೆ ಇಟ್ಟುಕೊಳ್ಳಲು ಬೇರೆ ಜಾಗ ಎಲ್ಲಿದೆ? ಜ್ವರ ಬಂದು ಊದಿದ್ದಕ್ಕೆ ಮುಲಾಮು ಸಾಲದು, ಹೊಟ್ಟೆಗೂ ಔಷಧಿ ಬೇಕು. ಟ್ಯೂಬು ಈ ಮಗುವಿಗೆ ಮಾತ್ರ. ಹಚ್ಚುವ ಮೊದಲೂ ಆಮೇಲೂ ಸೋಪಿನಲ್ಲಿ ಕೈ ತೊಳೆಯಬೇಕು. ಹಕ್ಕಳೆಯನ್ನು ಉಗುರುಬೆಚ್ಚನೆ ನೀರಿನಲ್ಲಿ ನೆನೆಸಿ ಮೆತ್ತಗೆ ಒರೆಸಿ ತೆಳ್ಳಗೆ ಸವರಬೇಕು. ಟ್ಯೂಬಿನ ಬಾಯಿ ಹುಣ್ಣಿಗೆ ತಾಗಬಾರದು. ಟವೆಲು ಬೇರೆ. ಒಣಗಿತು ಅಂತ ನಡುವೆ ಬಿಡಬಾರದು, ಉಳಿಯಿತು ಅಂತ ಇನ್ನೊಬ್ಬರಿಗೆ ಬಳಿಯಬಾರದು. ಕಂಡಕಂಡದ್ದಕ್ಕೆ ಬಳಿದರೆ ರೋಗಕ್ಕೆ ಅದು ಅಭ್ಯಾಸವಾಗಿ ಕೊನೆಗೆ ಮದ್ದು ಮದ್ದಾಗಿಯೇ ಉಳಿಯುವುದಿಲ್ಲವಂತೆ.

ಮಗುವಿನ ಕಣ್ಣು ಉಳಿಯಿತು. ದೊಡ್ಡಕ್ಕ ಮಾತ್ರ ಬರುವುದನ್ನು ಬಿಟ್ಟಳು. ನಾಯಿಗಳು ಬೇಕಾದಷ್ಟು ಬೊಗಳಿದವು. ಆ ಸದ್ದು ನನಗೆ ಸೇರಲಿಲ್ಲ.

ಬೇಸಿಗೆಗೆ ನಾವೇ ನರಸೀಪುರಕ್ಕೆ ಹೋದೆವು. ಹಾಡುಹಗಲಲ್ಲೂ ಮನೆಯೊಳಗೆ ಕತ್ತಲೆ. ಗೋಡೆಯ ಪಕ್ಕ ಬಿಳಿ ಸೀರೆ. ಎರಡೂ ಕೈ ಸೆರಗಿನೊಳಗೆ. ದೇವರ ಮುಂದಿನ ವಿಭೂತಿ ತಟ್ಟೆಯಲ್ಲಿ ಒಂದು ಟೀ ಚಮಚ! ಬಂದವರಿಗೆ ಚಮಚದಲ್ಲೇ ಅಂಗೈಗೆ ಹಾಕುತ್ತಾಳಂತೆ, ಸಕ್ಕರೆ ಹಾಕಿದ ಹಾಗೆ.

ಮೊಮ್ಮಗಳು ಕಾಲಿಗೆ ಬೀಳಲು ಹೋದಳು.

“ದೂರ ನಿಂತ್ಕೊ ಕೂಸೇ. ಮುಟ್ಬ್ಯಾಡ.”

ಮಗು ನನ್ನ ಮುಖ ನೋಡಿತು. ನನಗೆ ಸಿಟ್ಟು ಬಂತು. “ಸೋಪು ಎಲ್ಲಿ ಅಕ್ಕಾ ಇಟ್ಟಿದ್ದೀಯ?” ಅಂದೆ. ಬಚ್ಚಲಿಗೆ ಎಳೆದುಕೊಂಡು ಹೋಗಿ ಆ ಕೈಗಳನ್ನು ನಾನೇ ಉಜ್ಜಿ ತೊಳೆದೆ, ಉಗುರಿನ ಸಂದಿಯನ್ನೂ ಬಿಡಲಿಲ್ಲ. ಅವಳು ಮಗುವಿನಂತೆ ಎರಡೂ ಕೈ ಮುಂದೆ ಚಾಚಿಕೊಂಡು ನಿಂತಿದ್ದಳು.

ದೇವರ ಮುಂದೆ ಕರೆತಂದು ಚಮಚ ಎತ್ತಿ ಅತ್ತ ಇಟ್ಟು ಮೊಮ್ಮಗಳ ಪಕ್ಕ ಕೂತೆ. ಬೆರಳು ವಿಭೂತಿಯಲ್ಲಿ ಅದ್ದಿ ಬಂದು ಮೊಮ್ಮಗಳ ಹಣೆ ಮುಟ್ಟಿತು. ದೊಡ್ಡಕ್ಕ ಮತ್ತೆ ಬಚ್ಚಲ ಕಡೆ ಹೊರಟಳು, ಕೈ ತೊಳೆದು ಬರಲು.

“ಎಲ್ಲಿಗಕ್ಕಾ? ನಾನಿನ್ನೂ ಕೂತಿದ್ದೀನಲ್ಲ” ಅಂದು ಹಣೆ ಮುಂದೆ ಮಾಡಿದೆ.